ಕವಲುದಾರಿಯ ಎಲೆ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಆರನೇ ತರಗತಿಯ ನಂತರ ನಾನು ಶಾಲೆಗೆ ಹೋಗಲಿಲ್ಲ. ಎದ್ದು ನಿಂತು ಓದು ಎಂದರೆ ತಪ್ಪು ತಪ್ಪು ಓದುತ್ತಿದ್ದೆ, ಕೊನೆಗೆ ಹೋಗುವುದನ್ನೇ ಬಿಟ್ಟೆ. ನಾನು ಬರೆದ ಸಾಲುಗಳು ಮೇಲಕ್ಕೆ ಏರುತ್ತವೆ, ಮಾತು ಎಲ್ಲಿ ತಪ್ಪಿದೆಯೋ ನನಗೇ ತಿಳಿಯುವುದಿಲ್ಲ. ಆದರೂ ಒಂದೊಂದನ್ನೂ ಎರಡು ಸಲ ನೋಡಿಕೊಂಡು, ನಿಧಾನವಾಗಿ ಬರೆದಿದ್ದೇನೆ. ಇದು ನನ್ನ ಅಜ್ಜಿಯ ಅಕ್ಕ ಹಿಂಗೋಪಾಳ ಬದುಕು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಇದರಲ್ಲಿ ಅರ್ಧ ಅವಳು ಹೇಳಿದ್ದು, ಅರ್ಧ ಅವಳ ಮೈದುನ ಕೊಂಬೇಗಾ ತಾತ ಹೇಳಿದ್ದು.

ಐವತ್ತು ವರ್ಷ ಹಿಂಗೋಪಾ ಊರಿನಲ್ಲಿ ಗಂಡನಿದ್ದವಳೂ ಆಗಿರಲಿಲ್ಲ, ಗಂಡ ಸತ್ತವಳೂ ಆಗಿರಲಿಲ್ಲ. ಗಂಡ ಸತ್ತರೆ ನಮ್ಮಲ್ಲಿ ಹೆಂಗಸು ಮಣಿಯಂಗಿ ತೊಡುತ್ತಾಳೆ. ತೊರೆಯಂಚಿನ ಹುಲ್ಲಿನಲ್ಲಿ ಬಿಡುವ ಬೂದು ಬಣ್ಣದ ಗಟ್ಟಿ ಬೀಜಗಳನ್ನು ಒಂದೊಂದಾಗಿ ಪೋಣಿಸಿ, ಮನೆಯ ಮೂಲೆಯಲ್ಲಿ ಕೂತು ಅವಳೇ ಅದನ್ನು ಹೆಣೆಯಬೇಕು. ಗಂಡನ ಕಡೆಯವರು ಅದನ್ನು ಅವಳಿಗೆ ತೊಡಿಸಬೇಕು. ಮುಂದೆ ಹಂದಿ ಕಡಿದು ಊರಿಗೆ ಊಟ ಹಾಕಿದ ದಿನ ಅವರೇ ಅದನ್ನು ಬಿಚ್ಚಬೇಕು. ಅಲ್ಲಿಗೆ ಸತ್ತವನು ನೆಮ್ಮದಿಯಾಗಿ ಹೋದ, ಉಳಿದವಳು ಮತ್ತೆ ನಾಲ್ಕು ಜನರ ನಡುವೆ ಬಂದಳು ಎಂದು ಅರ್ಥ. ಹಿಂಗೋಪಾಗೆ ಆ ಅಂಗಿಯನ್ನು ಯಾರೂ ತೊಡಿಸಲಿಲ್ಲ. ಅವಳ ಗಂಡ ಎರೆಪಾ ಯುದ್ಧದ ವರ್ಷ ಜಪಾನಿಯರ ಕಡೆ ಹೋಗಿಬಿಟ್ಟ ಎಂಬುದು ಊರಿನ ಮಾತು. ಹಾಗೆ ಹೋದವನಿಗೆ ಯಾರು ಅಳುತ್ತಾರೆ? ಯಾರು ಹಂದಿ ಕಡಿಯುತ್ತಾರೆ?

ಮದುವೆಯಾಗಿ ಎರಡು ಮಳೆಗಾಲ ಕಳೆದಿತ್ತು. ಹಿಂಗೋಪಾ ಮರದ ಒಳತೊಗಟೆಯನ್ನು ಬಡಿದು ಬಟ್ಟೆ ಮಾಡುವುದರಲ್ಲಿ ಹೆಸರಾದವಳು. ಅದರ ಮೇಲೆ ಅವಳು ಎಳೆಯುತ್ತಿದ್ದದ್ದು ತಾಯಿಯಿಂದ ಬಂದ ಮೀನಿನ ಮುಳ್ಳಿನ ಚಿತ್ತಾರ. ನಮ್ಮ ಗಂಡಸರು ತೋಳಿಗೆ ಬೆತ್ತದ ಪಟ್ಟಿ ಕಟ್ಟಿ, ಅದರಲ್ಲಿ ತಮ್ಮ ಕುಲದ ಎಲೆಯನ್ನು ಸಿಕ್ಕಿಸಿಕೊಳ್ಳುತ್ತಾರೆ. ಎರೆಪಾನ ಕುಲದ್ದು ಕೆಂಪು ಅಂಚಿನ ಉದ್ದನೆಯ ಎಲೆ. ಒಂದು ದಿನ ಅವನ ಬೆತ್ತದ ಪಟ್ಟಿ ಮುರಿಯಿತು. ಹೊಸದು ಹೆಣೆಯುವಷ್ಟು ತಾಳ್ಮೆ ಅವನಿಗಿಲ್ಲ. ಹಿಂಗೋಪಾ ತನ್ನ ಬಟ್ಟೆಯಿಂದ ಒಂದು ಚೂರು ಹರಿದು ಅವನ ಎಡತೋಳಿಗೆ ಕಟ್ಟಿದಳು. ಉದ್ದ ಹೆಚ್ಚಾಗಿ ತುದಿ ಜೋತುಬಿತ್ತು.

"ಅಣ್ಣನ ತೋಳಿಗೆ ಬಾಲ ಬಂದಿದೆ, ನೋಡ್ರಪ್ಪೋ!" ಎಂದು ಕೊಂಬೇಗಾ ಊರೆಲ್ಲ ಕೇಳುವ ಹಾಗೆ ಕೂಗಿದ. ಅವನಿಗೆ ಆಗಿನ್ನೂ ಮೀಸೆ ಮೂಡುತ್ತಿದ್ದ ವಯಸ್ಸು.

"ನಿಂಗೆ ಹೆಂಡ್ತಿ ಬಂದಾಗ ಗೊತ್ತಾಗುತ್ತೆ. ಆಗ ನಿಂಗೆ ಎಲ್ಲೆಲ್ಲಿ ಬಾಲ ಬರುತ್ತೋ!" ಎಂದ ಎರೆಪಾ. ಬಾಲವನ್ನು ಮಾತ್ರ ಕತ್ತರಿಸಲಿಲ್ಲ.

ಆಮೇಲೆ ನಮ್ಮ ದ್ವೀಪದ ಗೋನಾದ ಕಡಲತೀರದಲ್ಲಿ ಜಪಾನಿಯರು ಇಳಿದರು. ಊರಿಗೆ ಊರೇ ಕಾಡಿನ ತೋಟಗಳಿಗೆ ಓಡಿತು. ಹಿಂಗೋಪಾ, ಗಂಡ, ಅತ್ತೆ, ಮಾವ ಒಂದು ಗುಡಿಸಲಿನಲ್ಲಿ ಅಡಗಿದ್ದರು. ಕೊಂಬೇಗಾ ಹೊಳೆಯ ಆಚೆ ಸೋದರಮಾವನ ಮನೆಯಲ್ಲಿದ್ದ. ಹೊಳೆಯಲ್ಲಿ ಯಾರದೋ ಹೆಣ ತೇಲಿ ಬಂದ ಮಾರನೆಯ ಬೆಳಿಗ್ಗೆ ಎರೆಪಾ, "ಕೆಸುವಿನ ಗಡ್ಡೆ ಮುಗೀತು. ಹಳೇ ತೋಟದಲ್ಲಿ ಒಂದಿಷ್ಟು ಇರ್ಬೇಕು, ಕಿತ್ಕೊಂಡು ಬರ್ತೀನಿ" ಎಂದು ಹೊರಟ. ಹಳೆಯ ತೋಟ ಬೆಟ್ಟದ ದಾರಿಯಲ್ಲಿತ್ತು. ಮಧ್ಯಾಹ್ನವಾದರೂ ಅವನು ಬರಲಿಲ್ಲ. ಹಿಂಗೋಪಾ ಮಾವನೊಂದಿಗೆ ಹುಡುಕುತ್ತ ಕವಲುದಾರಿಗೆ ಬಂದಳು.

ದಾರಿ ಒಡೆಯುವ ಕಡೆ ಮುಂದೆ ಹೋದವನು ತನ್ನ ಕುಲದ ಎಲೆಯನ್ನು ಇಟ್ಟು ಹೋಗುವುದು ನಮ್ಮ ರೂಢಿ. ಹಿಂದೆ ಬರುವವರಿಗೆ ಅದೇ ಗುರುತು. ಕಡಲಿನ ಕಡೆಗೆ ಇಳಿಯುವ ದಾರಿಯ ಮೇಲೆ ಕೆಂಪು ಅಂಚಿನ ಎಲೆಯಿತ್ತು. ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲು. ಆ ದಾರಿಯ ಕೊನೆಯಲ್ಲಿ ಇದ್ದವರು ಜಪಾನಿಯರು. ಮಾವ ಎಲೆಯನ್ನು ನೋಡಿದ, ಸೊಸೆಯನ್ನು ನೋಡಲಿಲ್ಲ. "ನಡಿ ಮನೆಗೆ" ಎಂದಷ್ಟೇ ಹೇಳಿದ.

ಯುದ್ಧ ನಮ್ಮನ್ನು ದಾಟಿ ಹೋದ ಮೇಲೆ ಜಪಾನಿಯರ ಜೊತೆ ಸೇರಿದ್ದರೆಂದು ನಮ್ಮನ್ನು ಆಳುತ್ತಿದ್ದ ಆಸ್ಟ್ರೇಲಿಯಾದವರ ಸರ್ಕಾರ ಕೆಲವರನ್ನು ಗಲ್ಲಿಗೇರಿಸಿತು. ನೋಡಲಿ ಎಂದು ಊರೂರಿನ ಜನರನ್ನು ಕರೆಸಿತ್ತು. ಮಾವನೂ ಹೋಗಿದ್ದ. ಮರಳಿ ಬಂದವನು, "ಅವ್ನು ಅಲ್ಲಿರ್ಲಿಲ್ಲ" ಎಂದ. ಅಂದಿನಿಂದ ಮನೆಯಲ್ಲಿ ಎರೆಪಾನ ಹೆಸರೂ ಇಲ್ಲ, ಎಲೆಯ ಮಾತೂ ಇಲ್ಲ. ಕೇಳಿದವರಿಗೆ, "ಅವ್ನು ಎತ್ಲಾಗೆ ಹೋದ ಅನ್ನೋದು ನಮಗೆ ಗೊತ್ತು" ಎಂಬ ಒಂದೇ ಉತ್ತರ.

ಕೊಂಬೇಗಾ ಮೂರು ವರ್ಷದ ಮೇಲೆ ಬಂದ. ಅವನನ್ನು ಮೊದಲು ಜಪಾನಿಯರು ಹಿಡಿದು ಕಂದಕ ತೋಡಿಸಿದ್ದರು, ಆಮೇಲೆ ಆಸ್ಟ್ರೇಲಿಯಾದವರು ಹಿಡಿದು ಹಡಗಿನ ಸಾಮಾನು ಹೊರಿಸಿದ್ದರು. ಅಣ್ಣನ ವಿಷಯವನ್ನು ಊರು ಹೇಳಿದಂತೆಯೇ ಅವನೂ ನಂಬಿದ. ಒಂದು ಸಂಜೆ ಬಂದು, "ಅತ್ತಿಗೆ, ನನ್ನ ಮನೆಗೆ ಬಂದ್ಬಿಡು. ಒಂಟಿಯಾಗಿ ಎಷ್ಟು ದಿನ ಇರ್ತೀಯ?" ಎಂದು ಕೇಳಿದ. ಅಣ್ಣನ ಹೆಂಡತಿಯನ್ನು ತಮ್ಮ ಕೂಡುವುದು ನಮ್ಮಲ್ಲಿ ಇದ್ದದ್ದೇ.

"ನಿಮ್ಮಣ್ಣ ಬಂದು ಕೇಳಿದ್ರೆ ಏನು ಹೇಳ್ಲಿ?"

"ಅವ್ನು ಬರೋ ಹಂಗಿದ್ರೆ ಇಷ್ಟೊತ್ತಿಗೆ ಬರ್ತಿದ್ದ."

"ಬರಲ್ಲ ಅನ್ನೋದಾದ್ರೆ ಮಣಿಯಂಗಿ ತೊಡಿಸು. ತೊಟ್ಟು, ಬಿಚ್ಚಿ, ಆಮೇಲೆ ಬರ್ತೀನಿ."

ಕೊಂಬೇಗಾ ಬಂದ ದಾರಿಯಲ್ಲೇ ಹೊರಟುಹೋದ. ಹಿರಿಯರು ಒಪ್ಪುವಂತಿರಲಿಲ್ಲ. ಮುಂದಿನ ವರ್ಷ ಬೇರೆ ಹುಡುಗಿಯನ್ನು ತಂದ.

ಸುಂಬಿರಿಪಾ ಬೆಟ್ಟ ಸಿಡಿದ ವರ್ಷ ಬಿಸಿಬೂದಿಗೆ ಊರುಗಳೇ ಬೆಂದವು. ಅತ್ತೆ, ಮಾವ ಇಬ್ಬರೂ ಹೋದರು. ಉಳಿದ ಹೆಂಗಸರಲ್ಲಿ ಮುಕ್ಕಾಲು ಪಾಲು ಗಂಡಂದಿರನ್ನು ಕಳೆದುಕೊಂಡವರು. ಮಣಿಗಳಿಗೆ ಬರ ಬಂತು. ತೊರೆಯಂಚೆಲ್ಲ ಬೂದಿಯಾಗಿ, ಬೀಜಕ್ಕಾಗಿ ದೂರದ ಹೊಳೆಗಳಿಗೆ ನಡೆಯಬೇಕಾಯಿತು. ಹಾಗೆ ನಡೆದು ಬುಟ್ಟಿ ತುಂಬ ಬೀಜ ತರುತ್ತಿದ್ದವಳು ಹಿಂಗೋಪಾ. ಸುಟ್ಟ ಕೈಯವರಿಗೆಲ್ಲ ಅವಳೇ ಪೋಣಿಸಿಕೊಟ್ಟಳು. ಎಷ್ಟೋ ಹೆಂಗಸರ ಅಂಗಿಗಳು ಅವಳ ಬೆರಳು ದಾಟಿ ಹೋದವು. ತನಗೆಂದು ಒಂದು ಸಾಲನ್ನೂ ಅವಳು ಪೋಣಿಸಿಕೊಳ್ಳಲಿಲ್ಲ.

ಹೀಗೆ ಅವಳು ಮುದುಕಿಯಾದಳು. ಬಟ್ಟೆ ಬಡಿದಳು, ತಂಗಿಯ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಸಾಕಿದಳು. ಶಾಲೆ ಬಿಟ್ಟವರನ್ನು ಬೈಯಲಿಲ್ಲ. ಯಾರ ಮನೆಯಲ್ಲಿ ಸಾವಾದರೂ ಹಿಂದಿನ ಸಾಲಿನಲ್ಲಿ ಕೂತು, ಎಲ್ಲರೂ ಅತ್ತು ಮುಗಿಸಿದ ಮೇಲೆ ಸ್ವಲ್ಪ ಅಳುತ್ತಿದ್ದಳು.

ಒಂದು ವರ್ಷ ಡಂಕನ್ ಎಂಬ ಬಿಳಿಯ ಬಂದ. ಅವನ ತಂದೆ ನಮ್ಮ ಬೆಟ್ಟದಾರಿಯಲ್ಲಿ ಜಪಾನಿಯರ ಮೇಲೆ ಕಾದಾಡಿ, ಗಾಯವಾಗಿ, ನಮ್ಮ ಹೊರೆಯಾಳುಗಳ ಹೆಗಲ ಮೇಲೆ ಮಲಗಿ ಬದುಕಿ ಹೋದ ಸಿಪಾಯಿ. ಮಗ ಆ ಹೊರೆಯಾಳುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ. ಅವನ ಬಳಿ ಒಂದು ಹಳೆಯ ಚಿತ್ರವಿತ್ತು. ಕೆಸರು ದಾರಿಯಲ್ಲಿ ನಾಲ್ವರು ಗಾಯಾಳುವಿನ ಡೋಲಿ ಹೊತ್ತಿದ್ದಾರೆ. ಮುಂದಿನವನ ಮುಖವನ್ನು ಡೋಲಿಯ ಕೋಲು ಅರ್ಧ ಮುಚ್ಚಿದೆ. ಎಡತೋಳಿನಲ್ಲಿ ಉದ್ದನೆಯ ಎಲೆ. ಚರ್ಚಿನ ಬೋಧಕ ಸಿಪ್ರಿಯನ್ ಆ ಚಿತ್ರವನ್ನು ಕೊಂಬೇಗಾ ತಾತನ ಬಳಿ ತಂದ. ತಾತನ ಕಣ್ಣಿಗೆ ಅಷ್ಟರಲ್ಲಿ ಪೊರೆ ಬಂದಿತ್ತು.

"ಮಾವ, ಇದು ನೀನೇ ಅಲ್ವಾ ನೋಡು."

"ನಂಗೆ ಚಿತ್ರ ಎಲ್ಲಿದೆ ಅಂತ್ಲೇ ಕಾಣಲ್ಲ ಮಾರಾಯ."

"ತೋಳಲ್ಲಿ ನಿಮ್ಮ ಎಲೆ ಇದೆ."

"ಎಲೆ ಇದೆಯಾ? ಹಂಗಿದ್ರೆ ನಾನೇ ಇರ್ಬೇಕು. ನಮ್ಮ ಎಲೆಯೋರಲ್ಲಿ ಬಿಳಿಯರಿಗೆ ಹೊತ್ತೋನು ನಾನೊಬ್ನೇ. ಹೊತ್ತಿದ್ದೇನೋ ಅಕ್ಕಿ ಮೂಟೆ. ಮನುಷ್ಯರನ್ನೂ ಹೊತ್ತಿರ್ಬೇಕು. ಕತ್ತಲಲ್ಲಿ ಏನೇನು ಹೊರಿಸಿದ್ರೋ ಯಾರಿಗೆ ಗೊತ್ತು?"

ಸುತ್ತ ನಿಂತವರು ನಕ್ಕರು. ಡಂಕನ್ ಬರೆದುಕೊಂಡ. ಎರಡು ವರ್ಷಕ್ಕೆ ಪುಸ್ತಕ ಬಂತು. ಚಿತ್ರದ ಕೆಳಗೆ ಕೊಂಬೇಗಾ ಎಂದು ಅಚ್ಚಾಗಿತ್ತು. ಅಂದಿನಿಂದ ಪ್ರತಿ ವರ್ಷ ಯುದ್ಧದ ನೆನಪಿನ ದಿನ ತಾತನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಯಾರೋ ಸಿಪಾಯಿಯ ಟೋಪಿಯೊಂದನ್ನು ಕೊಟ್ಟರು. ಅದನ್ನು ತಾತನ ಮಗಳು ಬೆರಿಲ್ ಒರೆಸಿ ಒರೆಸಿ ಗೋಡೆಗೆ ತೂಗುಹಾಕುತ್ತಿದ್ದಳು. ಪುಸ್ತಕ ಬೋಧಕನ ಮನೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇರುತ್ತಿತ್ತು. ಅದನ್ನು ತೋರಿಸು ಎಂದು ಹಿಂಗೋಪಾ ಕೇಳಲಿಲ್ಲ, ಅವಳಿಗೆ ತೋರಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಯುದ್ಧಕ್ಕೆ ಐವತ್ತು ವರ್ಷ ತುಂಬಿದಾಗ ಡಂಕನ್ ಮತ್ತೆ ಬಂದ. ಈ ಸಲ ಚಲಿಸುವ ಚಿತ್ರವನ್ನೇ ತಂದಿದ್ದ. ಯುದ್ಧದ ಕಾಲದಲ್ಲಿ ಯಾರೋ ತೆಗೆದು, ಎಲ್ಲೋ ಮೂಲೆಯಲ್ಲಿ ಬಿದ್ದಿದ್ದ ಸುರುಳಿಯಂತೆ. ಹಗಲಿನಲ್ಲೇ ಚರ್ಚಿನ ಚಾವಡಿಯ ಕಿಟಕಿಗಳಿಗೆ ಚಾಪೆ ಕಟ್ಟಿ ಕತ್ತಲು ಮಾಡಿದರು. ಜನರೇಟರ್ ಗುಡುಗಿತು. ಒಳಗೆ ಜಾಗ ಸಿಗದ ಮಕ್ಕಳು ಚಾಪೆಗೆ ತೂತು ಮಾಡಿ ಇಣುಕುತ್ತಿದ್ದವು. ಮುಂದೆ ಕೊಂಬೇಗಾ ತಾತ ಟೋಪಿ ಹಾಕಿಕೊಂಡು ಕೂತಿದ್ದರು. ಹಿಂಗೋಪಾ ಎಂದಿನಂತೆ ಹಿಂದೆ.

ಬಿಳಿಯ ಬಟ್ಟೆಯ ಮೇಲೆ ಮಳೆ ಬಿತ್ತು. ಸದ್ದಿಲ್ಲದ ಮಳೆ. ಕೆಸರಿನಲ್ಲಿ ಜನ ಏರಿ ಬಂದರು. ನಾಲ್ವರು ಡೋಲಿ ಹೊತ್ತು ಹತ್ತಿರ ಹತ್ತಿರ ಬಂದರು.

"ಅಪ್ಪ! ನೀನು ಬಂದೆ ನೋಡು!" ಎಂದು ಬೆರಿಲ್ ಚಪ್ಪಾಳೆ ತಟ್ಟಿದಳು.

"ಹೆಂಗೆ ಕಾಣ್ತೀನೇ?"

"ಈಗಿನ್ಕಿಂತ ಚೆನ್ನಾಗಿದ್ದೀಯ!"

ಮುಂದಿನವನು ನಿಂತ. ಡೋಲಿಯ ಕೋಲನ್ನು ಎಡ ಹೆಗಲಿಂದ ಬಲಕ್ಕೆ ಬದಲಿಸಿದ. ಬದಲಿಸುವಾಗ ಕತ್ತನ್ನು ತಗ್ಗಿಸಿ, ಕೋಲು ತಲೆಯ ಹಿಂದಿನಿಂದ ಜಾರುವ ಹಾಗೆ ಮಾಡಿದ. ಎಡತೋಳು ಎದುರಿಗೆ ಬಂತು. ಎಲೆ ಬಾಡಿತ್ತು. ಅದನ್ನು ಹಿಡಿದಿದ್ದದ್ದು ಬೆತ್ತದ ಪಟ್ಟಿಯಲ್ಲ. ನೆನೆದ ಬಟ್ಟೆಯ ಚೂರೊಂದು ಮೊಣಕೈವರೆಗೆ ಜೋತಾಡುತ್ತಿತ್ತು.

ಹಿಂಗೋಪಾ ಎದ್ದು ನಿಂತಳು. ಗಂಡನ ಹೆಸರು ಹೇಳಿ ಅವಳಿಗೆ ಅಭ್ಯಾಸವಿಲ್ಲ. "ನಮ್ಮೋರು" ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ, "ಅದು ನಮ್ಮೋರು" ಎನ್ನುತ್ತ ಕೂತವರನ್ನು ದಾಟಿ ಮುಂದೆ ಬಂದಳು. ಅವಳ ನೆರಳು ಬಟ್ಟೆಯ ಮೇಲೆ ಬಿತ್ತು.

"ಅಜ್ಜೀ, ಕೂತ್ಕೊಳೇ! ಏನೂ ಕಾಣ್ತಿಲ್ಲ!"

"ಯಾರದು, ಪರದೆಗೆ ಅಡ್ಡ?"

ಅವಳು ಪಕ್ಕಕ್ಕೆ ಸರಿಯುವಷ್ಟರಲ್ಲಿ ಆ ನಾಲ್ವರು ದಾಟಿ ಹೋಗಿದ್ದರು. ಬಟ್ಟೆಯ ಮೇಲೆ ಯಾವುದೋ ಹಡಗು ಬಂದಿತ್ತು.

ಮರುದಿನ ಬೆಳಿಗ್ಗೆ ಅವಳು ಕೊಂಬೇಗಾನ ಮನೆಗೆ ಹೋದಳು. ಬೆರಿಲ್ ಮೆಟ್ಟಿಲಿನ ಮೇಲೇ ತಡೆದಳು. ಚಾವಡಿಯಲ್ಲಿ ಅವಳು ಅಂದದ್ದು ಅಷ್ಟರಲ್ಲಿ ಬಾಯಿಂದ ಬಾಯಿಗೆ ಮುಟ್ಟಿತ್ತು.

"ದೊಡ್ಡಮ್ಮ, ಐವತ್ತು ವರ್ಷ ಸುಮ್ನಿದ್ದು ಈಗ ನಮ್ಮಪ್ಪನ ಟೋಪಿ ಮೇಲೆ ಕಣ್ಣು ಬಿತ್ತಾ?"

"ಟೋಪಿ ನಂಗ್ಯಾಕೆ ತಾಯಿ? ನನ್ನ ತಲೆಗೆ ದೊಡ್ಡದಾಗುತ್ತೆ."

"ಪುಸ್ತಕದಲ್ಲೇ ಬರ್ದಿದ್ದಾರೆ. ಓದಿದೋರು ದಡ್ಡರಾ?"

"ಅವಳನ್ನ ಒಳಗೆ ಬಿಡೇ" ಎಂದರು ತಾತ ಒಳಗಿನಿಂದ. "ಅತ್ತಿಗೆ ನನ್ನ ಮನೆಗೆ ಬರ್ಬೇಕು ಅಂತ ಕರೆದು ಎಷ್ಟು ವರ್ಷ ಆಯ್ತು! ಈಗ ಬಂದಿದ್ದಾಳೆ, ಅಡ್ಡ ನಿಂತ್ಕೋತೀಯಲ್ಲ."

ಹಿಂಗೋಪಾ ನಗಲಿಲ್ಲ. ಬಾಗಿಲ ಬಳಿ ಕೂತಳು. ಅವಳು ಯೋಚಿಸಿದ್ದು ಒಂದೇ. ಈ ಮುದುಕನಿಗೆ ಇರುವುದು ವರ್ಷಕ್ಕೊಂದು ದಿನದ ಕುರ್ಚಿ. ತಾನು ಬಾಯಿಬಿಟ್ಟರೆ ಅದೂ ಹೋಗುತ್ತದೆ. ಬಿಡದಿದ್ದರೆ ಗಂಡ ಸತ್ತೂ ಸಾಯದವನಾಗಿ ಉಳಿಯುತ್ತಾನೆ. ತಾನು ಸತ್ತ ಮೇಲೆ ಅವನಿಗಾಗಿ ಕೇಳುವವರು ಯಾರೂ ಇಲ್ಲ.

"ಕೊಂಬೇಗಾ, ಆ ಚಿತ್ರದಲ್ಲಿರೋನ ತೋಳಿಗೆ ಬಾಲ ಇದೆ" ಎಂದಳು.

ತಾತ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಬಟ್ಟೆಯದಾ?"

"ನನ್ನ ಬಟ್ಟೆಯದು."

"ಎಡತೋಳಾ?"

"ಎಡದ್ದು."

ತಾತ ಬಾಯಲ್ಲಿದ್ದ ಅಡಿಕೆಯನ್ನು ಉಗಿದರು. ಆಮೇಲೆ, "ಹಂಗಿದ್ರೆ ಅದು ಅಣ್ಣ" ಎಂದರು. "ನನ್ನ ತೋಳಿಗೆ ಯಾರೂ ಬಾಲ ಕಟ್ಲಿಲ್ಲ. ಆದ್ರೆ ಅತ್ತಿಗೆ, ಅವ್ನು ಜಪಾನಿಯರ ಕಡೆ ಹೋದ ಅಂತ ಅಪ್ಪನೇ ಹೇಳಿದ್ನಲ್ಲ? ಅಪ್ಪಂಗೆ ಹೆಂಗೆ ಗೊತ್ತಾಯ್ತು?"

"ಕವಲಲ್ಲಿ ಎಲೆ ಇತ್ತು. ಕಡಲಿನ ದಾರೀಲಿ. ಮೇಲೊಂದು ಕಲ್ಲು."

"ಯಾವತ್ತು?"

"ಅವ್ರು ಕೆಸು ತರ್ತೀನಿ ಅಂತ ಹೋದ ದಿನ. ಹಿಂದಿನ ದಿನ ಹೊಳೇಲಿ ಹೆಣ ತೇಲಿ ಬಂದಿತ್ತಲ್ಲ, ಅದರ ಮಾರನೇ ದಿನ."

ತಾತನ ಕೈಯಿಂದ ಸುಣ್ಣದ ಬುರುಡೆ ಜಾರಿ ನೆಲಕ್ಕೆ ಬಿತ್ತು. ಬೆರಿಲ್ ಎತ್ತಿಕೊಡಲು ಬಂದಳು. ಅವರು ಕೈ ಅಡ್ಡ ಹಿಡಿದರು.

"ಅತ್ತಿಗೆ, ಆ ಎಲೆ ನಂದು."

ಅವರು ಅವಳ ಕಡೆಗೆ ತಿರುಗಿ ಕೂತರು. "ಹೆಣ ತೇಲಿ ಬಂದ ಮಾರನೇ ದಿನ ಸೋದರಮಾವ ನನ್ನ ಉಪ್ಪು ಕಾಯ್ಸೋಕೆ, ಜಪಾನಿಯರ ಕಣ್ಣು ತಪ್ಪಿಸಿ ಹೋಗು ಅಂತ, ಕಡಲಿಗೆ ಕಳ್ಸಿದ್ದ. ಕವಲು ದಾಟಿ ನಾನೇ ಇಳಿದೆ. ಮಾವ ಹಿಂದೆ ಬರ್ತೀನಿ ಅಂದಿದ್ದ, ಅದ್ಕೆ ಎಲೆ ಇಟ್ಟೆ. ಇಳಿದ ಮೇಲೇ ಜಪಾನಿಯರು ಹಿಡಿದಿದ್ದು. ನೀವು ಅದನ್ನ ನೋಡಿದ್ರಿ ಅಂತ ಇವತ್ತಿನವರೆಗೂ ಯಾರೂ ನಂಗೆ ಹೇಳ್ಲಿಲ್ಲವಲ್ಲ!"

"ನಿಮ್ಮಪ್ಪ ಎಲೆ ಮಾತು ಎತ್ತಬೇಡ ಅಂದಿದ್ರು. ಮನೆ ಮಾನ ಅಂದ್ರು."

"ಅಣ್ಣ ಕವಲಲ್ಲಿ ಇಡ್ತಾನೇ ಇರ್ಲಿಲ್ಲ. ಸ್ವಲ್ಪ ಮೇಲೆ ಹೋಗಿ ಬಂಡೆ ಪಕ್ಕ ಇಡ್ತಿದ್ದ. ಹಂದಿ ತುಳಿಯಲ್ಲ ಅಂತ. ನೀವು ಮೇಲಿನ ದಾರಿ ನೋಡಿದ್ರಾ?"

ಹಿಂಗೋಪಾ ತಲೆಯಾಡಿಸಿದಳು. ಅವರಿಗೆ ಅದು ಕಾಣಿಸುವುದಿಲ್ಲ ಎಂದು ನೆನಪಾಗಿ, "ಇಲ್ಲ" ಎಂದಳು. "ಒಂದು ಎಲೆ ನೋಡಿದ್ವಿ. ಇನ್ನೊಂದು ಹುಡುಕ್ಲಿಲ್ಲ."

ಆಗ ಅವಳು ಅತ್ತಳು. ಗಂಡನಿಗಾಗಿ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತಳು. ತಾತನೂ ಅತ್ತರು. ಬೆರಿಲ್ ಸ್ವಲ್ಪ ಹೊತ್ತು ನಿಂತು ನೋಡಿ, ಗೋಡೆಯ ಟೋಪಿಯನ್ನು ತೆಗೆದು ಪೆಟ್ಟಿಗೆಯೊಳಗೆ ಇಟ್ಟಳು.

ನೆನಪಿನ ದಿನ ತಾತ ಟೋಪಿಯಿಲ್ಲದೆ ಹೋದರು. ಅವರನ್ನು ಕುರ್ಚಿಗೆ ಕರೆದಾಗ ಕೂರಲಿಲ್ಲ. "ಚಿತ್ರದಲ್ಲಿರೋನು ನಾನಲ್ಲ. ನಮ್ಮಣ್ಣ. ಅವ್ನು ಬೆಟ್ಟದ ದಾರೀಲಿ ಬಿಳಿಯರ ಕೈಗೆ ಸಿಕ್ಕಿ, ಅವರ ಗಾಯಾಳುಗಳನ್ನ ಬೆಟ್ಟದ ಮೇಲೆ ಹೊತ್ತ. ಬದುಕಿದ್ರೆ ಮನೆಗೆ ಬರ್ತಿದ್ದ. ಬರ್ಲಿಲ್ಲ ಅಂದ್ರೆ ಅಲ್ಲೇ ಇದ್ದಾನೆ. ಕಡಲಿನ ದಾರಿಗೆ ಹೋದೋನು ನಾನು. ನೀವು ಇಷ್ಟು ವರ್ಷ ಅವನ ಬೆನ್ನ ಹಿಂದೆ ಆಡಿದ್ದನ್ನೆಲ್ಲ ಈಗ ನನ್ನ ಮುಂದೆ ಆಡಿ" ಎಂದರು. ಊರು ತಲೆ ತಗ್ಗಿಸಿತು. ದೂರದಿಂದ ಬಂದಿದ್ದ ಅತಿಥಿಗಳಿಗೆ ಮಾತು ಅರ್ಥವಾಗಲಿಲ್ಲ. ಮುದುಕ ಚೆನ್ನಾಗಿ ಮಾತಾಡಿದ ಎಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ತಾತ ಹಿಂಗೋಪಾಳನ್ನು ಹಿಂದಿನ ಸಾಲಿನಿಂದ ಕರೆಸಿ ಕುರ್ಚಿಯ ಮೇಲೆ ಕೂರಿಸಿದರು. ಅವಳು ಬೇಲಿಯ ಮೇಲಿನ ಕೋಳಿಯಂತೆ ತುದಿಯಲ್ಲಿ ಕೂತಿದ್ದಳು.

ಆ ಮಳೆಗಾಲ ಅವಳು ಮೂಲೆ ಹಿಡಿದು ತನ್ನ ಅಂಗಿಯನ್ನು ಹೆಣೆದಳು. ಕಣ್ಣು ಮಂಜಾಗಿತ್ತು, ಬೆರಳಿಗೆ ಮಾತ್ರ ಎಲ್ಲ ನೆನಪಿತ್ತು. ತಾತ ತಡವರಿಸುತ್ತ ಅದನ್ನು ತೊಡಿಸಿದರು. ಊರಿನ ಹೆಂಗಸರೆಲ್ಲ ಬಂದು, ಮುದುಕಿಯ ಸುತ್ತ ಕೂತು, ಇಪ್ಪತ್ತು ದಾಟುತ್ತಲೇ ಸತ್ತ ಹುಡುಗನಿಗಾಗಿ ಅತ್ತರು.

ಮುಂದಿನ ವರ್ಷ ಬೆರಿಲ್ ಹಂದಿ ಕೊಬ್ಬಿಸಿ ಸಿದ್ಧ ಮಾಡಿದಳು. ಅಂಗಿ ಬಿಚ್ಚುವ ದಿನ ಗೊತ್ತು ಮಾಡೋಣ ಎಂದಾಗ ಹಿಂಗೋಪಾ ಒಪ್ಪಲಿಲ್ಲ.

"ತೊಡೋಕೆ ಐವತ್ತು ವರ್ಷ ಕಾದಿದ್ದೀನಿ. ಒಂದೇ ವರ್ಷಕ್ಕೆ ಬಿಚ್ಚಿ ಅಂತೀರಲ್ಲ, ನಿಮಗೇನು ಊಟದ ಆತುರವಾ?"

"ಹಂದಿ ಮುದಿಯಾಗುತ್ತೆ ದೊಡ್ಡಮ್ಮ!"

"ಆಗ್ಲಿ. ನಾನಾಗ್ಲಿಲ್ವಾ?"

ಎರಡು ವರ್ಷ ಅವಳು ಅದನ್ನು ತೊಟ್ಟೇ ಇದ್ದಳು. ನಡೆದರೆ ಮಣಿಗಳು ಒಂದಕ್ಕೊಂದು ತಾಗಿ ಸಣ್ಣ ಸದ್ದಾಗುತ್ತಿತ್ತು. ಆ ಸದ್ದಿನಿಂದಲೇ ಅವಳು ಎಲ್ಲಿದ್ದಾಳೆ ಎಂದು ನಮಗೆ ಗೊತ್ತಾಗುತ್ತಿತ್ತು. ಚಿತ್ರವನ್ನು ಇನ್ನೊಮ್ಮೆ ನೋಡಬೇಕು ಎಂದು ಒಂದು ಸಲ ಕೇಳಿದಳು. ಡಂಕನ್ ಕಳಿಸುತ್ತೇನೆ ಎಂದಿದ್ದ, ಬರಲಿಲ್ಲ. ಬೋಧಕ ಪುಸ್ತಕ ತಂದು ತೋರಿಸಿದ. ಅವಳು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಅದರ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಇನ್ನೂ ಕೊಂಬೇಗಾ ಅಂತ್ಲೇ ಇದೆಯಾ?" ಎಂದು ಕೇಳಿದಳು. ಹೌದು ಎಂದ ಬೋಧಕ. ಅವಳು ಪುಸ್ತಕ ಮುಚ್ಚಿ ಹಿಂದಕ್ಕೆ ಕೊಟ್ಟಳು.

ಈ ಮಳೆಗಾಲ ಜ್ವರ ಬಂದು ಹಿಂಗೋಪಾ ತೀರಿಕೊಂಡಳು. ಮಣಿಯಂಗಿಯೊಂದಿಗೆ ಹೆಂಗಸನ್ನು ಹೂಳುವಂತಿಲ್ಲ. ಗಂಡನ ಕಡೆಯವರೇ ಬಿಚ್ಚಬೇಕು. ಕಣ್ಣು ಕಾಣದ ತಾತ ಒಂದೊಂದು ಗಂಟನ್ನೂ ತಡಕಿ ತಡಕಿ ಬಿಚ್ಚಿದರು. ಬೆರಿಲ್ ಸಹಾಯಕ್ಕೆ ಬಂದರೆ ಬೇಡ ಎಂದರು. ಮುದಿಯಾದ ಹಂದಿಯನ್ನು ಆ ದಿನ ಕಡಿದರು. ಊಟ ಇಬ್ಬರ ಹೆಸರಿನಲ್ಲೂ ಆಯಿತು.

ಅಂಗಿ ಈಗ ನಮ್ಮ ಮನೆಯಲ್ಲಿದೆ. ನಿನ್ನೆ ತಾತ ನನ್ನನ್ನು ಕರೆಸಿ, ಬೋಧಕನ ಬಳಿ ಮಾತಾಡಿದ್ದೇನೆ, ಆ ಪುಸ್ತಕದ ಹೆಸರನ್ನು ನೀನು ಸರಿಮಾಡು ಎಂದರು. ನನ್ನ ಅಕ್ಷರ ಚೆನ್ನಾಗಿಲ್ಲ, ಬೇರೆಯವರಿಗೆ ಹೇಳಿ ಎಂದೆ. "ನಂಗೇನು ಕಾಣುತ್ತಾ? ನೀನೇ ಬರಿ" ಎಂದರು. ಶಾಯಿಯಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಕೈ ಪಳಗಲಿ ಎಂದು ಇಷ್ಟೆಲ್ಲ ಬರೆದೆ. ನಾಳೆ ಬೆಳಿಗ್ಗೆ ಬೋಧಕನ ಮನೆಗೆ ಹೋಗಿ, ಆ ಚಿತ್ರದ ಕೆಳಗೆ ಕೊಂಬೇಗಾ ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಎರೆಪಾ, ಹಿಂಗೋಪಾಳ ಗಂಡ ಎಂದು ಬರೆಯುತ್ತೇನೆ.